ಎರಡು ಪದರ ಸೀರೆಯ ನೆರಳು

ಇವಳ ಕೈಲಿ ಡಿಗ್ರಿ ಆಗುವ ಮಾತಲ್ಲ ಎಂದವರು ನನ್ನ ದೊಡ್ಡಪ್ಪ. “ಅಪ್ಪ ಹೆಬ್ಬೆಟ್ಟು, ಅಮ್ಮ ಹೆಬ್ಬೆಟ್ಟು, ಮಗಳಿಗೆ ಕಪ್ಪು ಗೌನ್ ಬೇಕಂತೆ” ಎಂದು ನನ್ನ ಮದುವೆ ಊಟದ ಪಂಕ್ತಿಯಲ್ಲೇ ನಕ್ಕಿದ್ದರು. ಹೋದ ಶನಿವಾರ ಘಟಿಕೋತ್ಸವ ಮುಗಿಸಿ, ಆ ಗೌನನ್ನು ತೊಡೆಯ ಮೇಲಿಟ್ಟುಕೊಂಡು ನೈರೋಬಿಯ ಅಂಚಿನ ಕರೆನ್‌ನಿಂದ ವಾಪಸು ಬರುತ್ತಿದ್ದೆ. ಗಂಡ ರಸ್ತೆ ಬದಿಯ ನರ್ಸರಿಯಲ್ಲಿ ಕಾರು ನಿಲ್ಲಿಸಿ ಗುಲಾಬಿ ನೋಡುತ್ತಿದ್ದಾಗ, ನಾನು ಸುಮ್ಮನೆ ಒಂದು ಮೆಣಸಿನ ಸಸಿಯ ಎಲೆ ಉಜ್ಜಿ ಮೂಸಿದೆ. ಹಸಿ ಹಸಿ, ಸ್ವಲ್ಪ ಕಹಿ ವಾಸನೆ... ನಮ್ಮ ಪಕ್ಕದ ಮನೆ ಟೀಚರ್ ಬೆರಳಿನ ವಾಸನೆ. ಅಲ್ಲೇ ನಿಂತು ಅತ್ತೆ.

ಗಂಡನಿಗೆ ನೈರೋಬಿಗೆ ವರ್ಗವಾಗಿ ನಾವು ಹೈರಿಡ್ಜ್‌ನ ಫ್ಲ್ಯಾಟಿಗೆ ಬಂದಾಗ, ಟೀಚರೂ ಅವರ ಯಜಮಾನರಾದ ಡಾಕ್ಟರೂ ಅಲ್ಲಿ ನೆಲೆಸಿ ಎಷ್ಟೋ ಕಾಲವಾಗಿತ್ತು. ಟೀಚರ್ ಇಲ್ಲಿನ ಶಾಲೆಗಳಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಬ್ಯಾಡಗಿ ಮೆಣಸಿನ ಬೀಜವನ್ನು ಮೊಸರಿನ ಡಬ್ಬಿಗಳಲ್ಲಿ ಹಾಕಿ, ಅಡುಗೆಮನೆ ಕಿಟಕಿಯ ಹತ್ತಿರ ಸಸಿ ಎಬ್ಬಿಸುತ್ತಿದ್ದರು. ನನಗೂ ಕೆಲವು ಕೊಟ್ಟರು. ಮೈ ನಡುಗಿಸುವ ಗಾಳಿ ಬೀಸುತ್ತಿತ್ತು. ಇದೇನು ಮಹಾ ಬಿಸಿಲು ಎಂದುಕೊಂಡು ನಾನು ನೇರ ಬಾಲ್ಕನಿಯ ಬಿಸಿಲಿಗೆ ಇಟ್ಟುಬಿಟ್ಟೆ. ಮಾರನೇ ದಿನ ಎಲೆಗಳು ಸುಣ್ಣ ಬಳಿದ ಹಾಗೆ ಬೆಳ್ಳಗಾಗಿದ್ದವು.

“ನಮ್ಮ ಕಡೆಯಿಂದ ಬಂದವರೆಲ್ಲ ಇದನ್ನೇ ಮಾಡೋದು” ಎಂದರು ಟೀಚರ್. “ಗಾಳಿ ತಣ್ಣಗಿದೆ ಅಂತ ನಂಬಬೇಡ ಕಣೇ. ಈ ಊರಲ್ಲಿ ಸ್ವೆಟರ್ ಹಾಕ್ಕೊಂಡೇ ಸುಟ್ಟುಹೋಗ್ತೀಯ.”

ಅವರ ರೀತಿಯೇ ಬೇರೆ. ಹಳೇ ಹತ್ತಿ ಸೀರೆಯನ್ನು ಎರಡು ಪದರ ಮಾಡಿ ಬಾಲ್ಕನಿಗೆ ಅಡ್ಡ ಕಟ್ಟುತ್ತಿದ್ದರು. ಸಸಿಗಳು ಮೊದಲು ಅದರ ನೆರಳಿನಲ್ಲಿ, ಬೆಳಗಿನ ಹೊತ್ತು ಮಾತ್ರ. ಆಮೇಲೆ ಒಂದು ಪದರ. ಕೊನೆಗೆ ಬರೀ ಬಿಸಿಲು. ಸಂಜೆ ಎಲ್ಲವೂ ಮತ್ತೆ ಒಳಗೆ.

ಹಾಗೆ ಡಬ್ಬಿಗಳನ್ನು ಹೊರಗೆ ಒಳಗೆ ಮಾಡುವಾಗಲೇ ನಾನು ಪಿಯುಸಿಗೆ ನಿಂತವಳೆಂದು ಅವರಿಗೆ ತಿಳಿದದ್ದು. ಊರ ನಡುವಿನ ಪೇಟೆ, ಸಿಬಿಡಿಯ ಸಂಜೆ ಕಾಲೇಜಿಗೆ ಅವರೇ ಕರೆದುಕೊಂಡು ಹೋಗಿ ಬಿಕಾಂಗೆ ಸೇರಿಸಿದರು. ಮೊದಲ ದಿನ ಆ ಇಂಗ್ಲಿಷ್ ಕೇಳಿ ಹೆದರಿ ಅರ್ಧಕ್ಕೇ ಎದ್ದು ಬಂದೆ. ಟೀಚರ್ ಬೈಯಲಿಲ್ಲ. “ನಾಳೆ ಹಿಂದಿನ ಬೆಂಚಲ್ಲಿ ಕೂತ್ಕೊ, ಬಾಯಿ ಬಿಡಬೇಡ. ಮುಂದಿನ ವಾರ ಒಂದೇ ಒಂದು ಪ್ರಶ್ನೆ ಕೇಳು. ಸಾಕು” ಎಂದರು. ಲೆಕ್ಕವನ್ನೆಲ್ಲ ಆ ಸೀರೆಯ ನೆರಳಲ್ಲೇ ಕಲಿತೆ...

ಕೊನೆಯ ವರ್ಷ ಅವರು ಸೊರಗತೊಡಗಿದರು. ವಾಕಿಂಗ್ ಜಾಸ್ತಿಯಾಯಿತು ಎನ್ನುತ್ತಿದ್ದರು. ಹೊಟ್ಟೆಯಲ್ಲಿ ಗಡ್ಡೆ. ಆಸ್ಪತ್ರೆಗೆ ಸೇರುವಾಗ ನನ್ನ ಪರೀಕ್ಷೆ ಶುರುವಾಗಿತ್ತು, ಅವರ ಸಸಿಗಳು ಇನ್ನೂ ಎರಡು ಪದರದ ಕೆಳಗಿದ್ದವು. ಗಿಡಗಳನ್ನೂ ಆ ಸೀರೆಯನ್ನೂ ನನಗೊಪ್ಪಿಸಿದರು. “ಪರೀಕ್ಷೆ ಬಿಟ್ಟು ನನ್ನನ್ನ ನೋಡೋಕೆ ಬಂದ್ರೆ ಮಾತಾಡಿಸಲ್ಲ, ನೋಡು.”

ಕೊನೆಯ ಪೇಪರಿನ ಹಿಂದಿನ ಸಂಜೆ ಫೋನ್ ಮಾಡಿದರು. ದನಿ ಬಹಳ ಸಣ್ಣದಾಗಿತ್ತು.

“ಒಂದು ಪದರ ತೆಗೆದ್ಯಾ?”

“ತೆಗೆದೆ, ಟೀಚರ್.”

“ಬಾಡಿದ್ವಾ?”

“ಇಲ್ಲ.”

“ಹಾಗಾದ್ರೆ ನಾಳೆ ಸೀರೆ ಪೂರ್ತಿ ತೆಗಿ. ತೆಗೆದು, ಹೋಗಿ ಬರಿ.”

ತೆಗೆದೆ. ಹೋಗಿ ಬರೆದೆ. ಮಧ್ಯಾಹ್ನ ವಾಪಸು ಬರುವ ಮಟಾಟು ವ್ಯಾನಿನಲ್ಲಿ ಕೂತು ಫೋನ್ ಆನ್ ಮಾಡಿದಾಗ ಸುದ್ದಿ ಬಂತು. ಬೆಳಗಿನ ಜಾವವೇ ಹೋಗಿಬಿಟ್ಟಿದ್ದರು. ಪೇಪರ್ ಮುಗಿಯುವವರೆಗೆ ಅವಳಿಗೆ ಹೇಳಕೂಡದು ಎಂದು ಡಾಕ್ಟರಿಂದ ಮಾತು ತೆಗೆದುಕೊಂಡಿದ್ದರಂತೆ. ಮನೆಗೆ ಬಂದು ಬಾಲ್ಕನಿ ನೋಡಿದೆ. ಉರಿಬಿಸಿಲಲ್ಲಿ ಸಸಿಗಳು ನೆಟ್ಟಗೆ ನಿಂತಿದ್ದವು, ಒಂದೂ ಬಾಡಿರಲಿಲ್ಲ. ಅದನ್ನು ಯಾರಿಗೆ ಹೇಳಲಿ?

ಹೋದ ಶನಿವಾರ ಕರೆನ್‌ನಿಂದ ನೇರ ಡಾಕ್ಟರ ಮನೆಗೇ ಹೋದೆ. ಊರಲ್ಲಿರುವ ಅಮ್ಮನಿಗೆ ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿ, ಸರ್ಟಿಫಿಕೇಟನ್ನು ಡಾಕ್ಟರ ಕೈಗೆ ಕೊಟ್ಟೆ. ಅವರು ಅಂಗೈಯನ್ನು ಅಂಗಿಗೆ ಒರೆಸಿಕೊಂಡು ಹಿಡಿದರು. ತುಟಿಯಲ್ಲೇ ಓದುತ್ತಾ ನನ್ನ ಹೆಸರಿನ ಹತ್ತಿರ ಬಂದು ನಿಂತರು, ಮುಂದಕ್ಕೆ ಹೋಗಲಿಲ್ಲ.

ಫೋನಿನಲ್ಲಿ ಅಮ್ಮ ಮುಖವನ್ನು ಪರದೆಯ ಹತ್ತಿರಕ್ಕೆ ತಂದಳು.

“ಟೀಚರಮ್ಮ ಇದ್ದಿದ್ರೆ ಜೋರಾಗಿ ಓದೋರು” ಎಂದಳು. “ನೀವೂ ಒಂಚೂರು ಜೋರಾಗಿ ಓದಿ ಡಾಕ್ಟ್ರೇ. ನಂಗೆ ಅಕ್ಷರ ಬರಲ್ಲ.”