ಕುದುರೆ ಮಲಗುವ ಮನೆ

ನಾಲ್ಕು ಗಂಟೆ ಹತ್ತು ನಿಮಿಷ. ಗಡಿಯಾರ ನೋಡಿದ್ದು ಚೆನ್ನಾಗಿ ನೆನಪಿದೆ. ನಮ್ಮ ಶಿಕಾರಿಪುರದಲ್ಲಿ ಟಪಾಲು ಚೀಲ ಕಟ್ಟುವುದು ನಾಲ್ಕೂವರೆಗೆ. ಆ ವಾರದ ಅಂಕಣದ ಕೊನೆಯ ಪ್ಯಾರಾ ಇನ್ನೂ ಬಾಕಿ ಇತ್ತು. ಆಗ ಹಿತ್ತಿಲಲ್ಲಿ ಪಟಾರನೆ ಸದ್ದಾಯಿತು.

(ಪಟಾರ್ ಅನ್ನುವುದು ಸಾಲದು. ಎರಡು ತಿಂಗಳಿಂದ ಹುಡುಕುತ್ತಿದ್ದೇನೆ, ಆ ಸದ್ದಿಗೆ ಸರಿಯಾದ ಶಬ್ದ ಸಿಕ್ಕಿಲ್ಲ.)

ಹೊಸ ಓದುಗರಿಗಾಗಿ ನಮ್ಮ ಮನೆಯ ಸಂಗತಿ ಹೇಳಿಬಿಡುತ್ತೇನೆ. ನಮ್ಮವರು ನಾಟಕದ ಕಂಪನಿಗಳಿಗೆ ಪರದೆ ಬರೆಯುತ್ತಾರೆ. ಅರಮನೆ, ಬೀದಿ, ಕಾಡು, ಯಾವುದು ಬೇಕಾದರೂ. ನಾನು ಬಿ.ಎ. ಮುಗಿಸಿ ಬಂದವಳು, ಕಾಗದದ ಮೇಲೆ ಬರೆಯುತ್ತೇನೆ. ನಮ್ಮಿಬ್ಬರನ್ನೂ ಸಾಕುತ್ತಿರುವುದು ಮೋತಿ, ಚಂದ್ರಿ ಎಂಬ ಎರಡು ಕುದುರೆಗಳು. ಹೇಗೆ ಅಂತೀರಾ? ಇಪ್ಪತ್ತಡಿ ಬಿದಿರಿಗೆ ಸುತ್ತಿದ ಪರದೆಯನ್ನು ಬಸ್ಸಿನ ಟಾಪಿನ ಮೇಲೆ ಹಾಕಲು ಯಾವ ಕಂಡಕ್ಟರ್ ಒಪ್ಪುತ್ತಾನೆ? ಕಂಪನಿ ಎಲ್ಲಿ ಕ್ಯಾಂಪು ಹಾಕಿದೆಯೋ ಅಲ್ಲಿಗೆ ನಮ್ಮ ಗಾಡಿಯೇ ಹೋಗಬೇಕು.

ಆ ದಿನ ಒಂದು ಕಾಡಿನ ಪರದೆ ಮುಗಿದಿತ್ತು. ಒಣಗಲು ಅದನ್ನು ಹಿತ್ತಿಲಲ್ಲಿ ಎರಡು ಕಂಬದ ನಡುವೆ ಕಟ್ಟಿದ್ದರು. ಗಾಳಿ ಎದ್ದಿತು. ಅಷ್ಟಗಲದ ಬಟ್ಟೆ ಹೊಟ್ಟೆ ಉಬ್ಬಿಸಿ, ಕಂಬ ಕಿತ್ತುಕೊಂಡು, ಮರಗಿಡ ಸಮೇತ ಕುದುರೆಗಳ ಮೇಲೆ ಹಾರಿ ಬಂತು. ನಮ್ಮವರು ಆಗಷ್ಟೇ ಎರಡನ್ನೂ ಬಿಚ್ಚಿ ನೀರು ಕುಡಿಸಲು ಹೊರಟಿದ್ದರು.

ಕುದುರೆ ಬೆದರಿದರೆ ಹಗ್ಗ ಬಿಡಬೇಕು. ಎಲ್ಲರಿಗೂ ಗೊತ್ತು. ಆದರೆ ನಮ್ಮವರು ಇಪ್ಪತ್ತು ವರ್ಷ ರಂಗದ ಪಕ್ಕದಲ್ಲಿ ನಿಂತು ಪರದೆ ಎಳೆದವರು. ಪರದೆಯ ಹಗ್ಗ ಕೈಜಾರಿದರೆ ಬಿದಿರು ನಟರ ತಲೆಯ ಮೇಲೆ ಬೀಳುತ್ತದೆ. ಹಾಗಾಗಿ ಹಗ್ಗ ಹಿಡಿದೊಡನೆ ಮುಂಗೈಗೆ ಎರಡು ಸುತ್ತು ಸುತ್ತಿಕೊಳ್ಳುವುದು ಅವರ ಕೈಗೆ ಅಂಟಿದ ಅಭ್ಯಾಸ. ಮೋತಿಯ ಹಗ್ಗವನ್ನೂ ಹಾಗೇ ಸುತ್ತಿಕೊಂಡಿದ್ದರು.

ನಾನು ಬಾಗಿಲಿಗೆ ಬಂದಾಗ ಕಂಡದ್ದು ಇಷ್ಟು: ಮುಂದೆ ಚಂದ್ರಿ, ಹಿಂದೆ ಮೋತಿ, ಮೋತಿಯ ಹಿಂದೆ ನೆಲದ ಮೇಲೆ ಎಳೆಸಿಕೊಂಡು ಹೋಗುತ್ತಿರುವ ನನ್ನ ಗಂಡ. ಎದುರಿಗೆ ಬಾವಿ. ನಮ್ಮ ಹಿತ್ತಿಲ ಬಾವಿಗೆ ಕಟ್ಟೆ ಇಲ್ಲ.

ಚಂದ್ರಿ ಬಾವಿಯ ಪಕ್ಕಕ್ಕೆ ಹೊರಳಿ ಬೇಲಿ ಹಾರಿತು. ಮೋತಿ ಮಾತ್ರ ಅಂಚಿನಲ್ಲಿ ನಾಲ್ಕೂ ಕಾಲು ಊರಿ ನಿಂತುಬಿಟ್ಟಿತು. ಅದರ ಗೊರಸಿನಡಿಯ ಮಣ್ಣು ಉದುರಿ ನೀರಿಗೆ ಬಿದ್ದದ್ದು ನನಗೆ ಕೇಳಿಸಿತು. ಈಗಲೂ ಕೇಳಿಸುತ್ತದೆ. ಅನ್ನ ಬಸಿಯುವಾಗ, ತಲೆ ಬಾಚುವಾಗ, ಈ ಸಾಲು ಬರೆಯುವಾಗ.

ನಮ್ಮವರ ಬಲ ಮುಂಗೈಯ ಮೂಳೆ ಮುರಿದಿತ್ತು. ಮೂಳೆ ಕಟ್ಟುವವರು ಬಿದಿರಿನ ದಬ್ಬೆ ಇಟ್ಟು ಕಟ್ಟಿ, "ಕೈ ಕೂಡ್ತದೆ. ಕುಂಚ ಹಿಡಿಯೋದು ದೇವರಿಗೆ ಬಿಟ್ಟಿದ್ದು" ಎಂದರು. "ಕುದುರೆ ಯಾಕೆ ಬೆದರಿದ್ವು?" ಎಂದೂ ಕೇಳಿದರು.

"ಗಾಳಿ" ಅಂದರು ನಮ್ಮವರು.

"ಹೌದು, ಗಾಳಿ" ಅಂದೆ ನಾನು.

ಮರುದಿನ ಲಾಳ ಕಟ್ಟುವ ಹುಸೇನ್ ಸಾಬರು ಬಂದರು. ನಮ್ಮ ಕುದುರೆಗಳ ಮಟ್ಟಿಗೆ ವೈದ್ಯರೂ ಅವರೇ. ದಬ್ಬೆ ಕಟ್ಟಿದ ಕೈ ನೋಡಿ, "ಏನ್ ಸ್ವಾಮಿ, ಕುದುರೀನೂ ಪರದೆ ಅಂತ ತಿಳಕೊಂಡ್ರೇನು? ಎಳೆದ ಕೂಡ್ಲೆ ಸುರುಳಿ ಸುತ್ಕೊಂಡು ಮ್ಯಾಲೆ ಹೋಗ್ತದಂತ?" ಎಂದು ರೇಗಿಸಿದರು. ನಮ್ಮವರು ನಕ್ಕರು. ನಾಲ್ಕೈದು ದಿನ ಬಿಟ್ಟು ಮತ್ತೆ ಬಂದಾಗ ಸಾಬರು ತಮಾಷೆ ಮಾಡಲಿಲ್ಲ. ಎರಡೂ ಕುದುರೆಗಳ ಪಕ್ಕೆ ಸವರಿ ನೋಡಿದರು.

"ಅಕ್ಕಾರೆ, ಇವು ಮಲಗಿಲ್ಲ."

"ಕುದುರೆ ನಿಂತೇ ನಿದ್ದೆ ಮಾಡುತ್ತಲ್ಲ ಸಾಬರೇ?"

"ಅದು ತೂಕಡಿಕಿ ರೀ. ನಿದ್ದಿ ಬೇರೆ. ಜಾಗ ನಂಬಿದ್ರೆ ಒಂದಿಷ್ಟೊತ್ತು ಮೈ ಚೆಲ್ಲೇ ಚೆಲ್ತದ. ಮುಂಜಾನೆ ಪಕ್ಕಿಗೆ ಹುಲ್ಲು ಅಂಟಿರ್ತದ, ನೋಡ್ಕೊಳ್ರಿ. ಇವಕ್ಕ ಒಂದು ಕಡ್ಡೀನೂ ಇಲ್ಲ."

ಅಂದಿನಿಂದ ನನ್ನ ಬೆಳಗು ಕುದುರೆಗಳ ಪಕ್ಕೆ ನೋಡುವುದರಿಂದ ಶುರು. ಹತ್ತು ದಿನ ನೋಡಿದೆ. ಮೈ ತೊಳೆದಿಟ್ಟ ಹಾಗೆ ಸ್ವಚ್ಛ. ಮೋತಿಯ ಮೊಣಕಾಲು ನಿಂತಲ್ಲೇ ಕುಸಿಯುತ್ತಿತ್ತು, ಥಟ್ಟನೆ ಎಚ್ಚರಾಗುತ್ತಿತ್ತು. ನಾವಿಬ್ಬರೂ ಹಾಗೇ. ಈ ಬಾವಿಯ ಮನೆ ಬಿಡುವುದೆಂದು ನಿಶ್ಚಯವಾಯಿತು. ಆದರೆ ಎಲ್ಲಿಗೆ?

ಸೊರಬದಲ್ಲಿರುವ ನನ್ನ ಅಣ್ಣ ಅಲ್ಲಿಯೇ ಒಂದು ಮನೆ ಹುಡುಕಿದ. ಎಂಥ ಮನೆ! ಬೆಳಕಿನ ಕಡೆಗೆ ದೊಡ್ಡ ಕಿಟಕಿ, ಕಿಟಕಿಯಡಿ ಮೇಜಿಗೆ ಜಾಗ, ನೂರು ಹೆಜ್ಜೆಗೆ ಪೋಸ್ಟ್ ಆಫೀಸು. ಇನ್ನು ಟಪಾಲಿಗೆ ಓಡುವುದೇ ಬೇಡ. ನೋಡಿದ ಗಳಿಗೆಯಲ್ಲೇ ನಾನು ಮನಸ್ಸಿನಲ್ಲಿ ಪರದೆ (ಕಿಟಕಿಯ ಪರದೆ!) ಹೊಲಿಸಿ ಆಗಿತ್ತು.

"ಕುದುರೆ ಎಂತಕ್ಕೆ ಮಾರಾಯ್ತಿ ಇನ್ನೂ?" ಎಂದ ಅಣ್ಣ. "ಭಾವನ ಕೈ ಹೀಗಾಯ್ತು. ಮಾರಿ ಕೈ ತೊಳ್ಕೊಳಿ. ನಾಟಕದವ್ರಿಗೆ ಅಂಗಡಿ ಬೋರ್ಡು ಬರೆಯಕ್ಕೆ ಬರಲ್ವಾ? ಬೋರ್ಡು ಬಸ್ಸಲ್ಲೂ ಹೋಗ್ತದೆ."

ನಮ್ಮವರು ಎಡಗೈಯಿಂದ ಕಾಫಿ ಲೋಟ ಕೆಳಗಿಟ್ಟರು. "ಭಾವ, ಅವತ್ತು ಮೋತಿ ನಿಲ್ಲದೇ ಇದ್ದಿದ್ರೆ ಬೋರ್ಡು ಬರೆಯೋಕೂ ನಾನಿರ್ತಿರಲಿಲ್ಲ" ಎಂದರು.

ಮೂರು ದಿನ ಇದ್ದು ನೋಡುವುದೆಂದು ಕುದುರೆಗಳನ್ನು ಅಲ್ಲಿ ಕಟ್ಟಿದೆವು. ಮನೆಯ ಬೆನ್ನಿಗೆ ಬಸ್ ಸ್ಟ್ಯಾಂಡು. ಹಾರ್ನ್ ಆದಾಗಲೆಲ್ಲ ಎರಡಕ್ಕೂ ಕಿವಿ ನೆಟ್ಟಗೆ. ಮೊದಲ ಬೆಳಿಗ್ಗೆ ಪಕ್ಕೆ ನೋಡಿದೆ, ಹುಲ್ಲಿಲ್ಲ. ಎರಡನೆಯ ಬೆಳಿಗ್ಗೆಯೂ ಇಲ್ಲ. ಮೂರನೆಯ ಬೆಳಿಗ್ಗೆ ಒಂದು ಕೆಲಸ ಮಾಡಿದೆ. ಹೇಳಲು ನಾಚಿಕೆ. ಕೆಳಗೆ ಬಿದ್ದ ನಾಲ್ಕು ಕಡ್ಡಿ ಎತ್ತಿ ಚಂದ್ರಿಯ ಪಕ್ಕೆಗೆ ಒತ್ತಿದೆ. ಕಿಟಕಿ ಅಷ್ಟು ಚೆನ್ನಾಗಿತ್ತು.

ಚಂದ್ರಿ ತಿರುಗಿ ನನ್ನ ಕೈ ಮೂಸಿತು. ಕಣ್ಣು ಕೆಂಪಾಗಿತ್ತು. ಕಡ್ಡಿಗಳನ್ನು ನಾನೇ ಕಿತ್ತು ಹಾಕಿದೆ. ಒಳಗೆ ಬಂದು, "ಈ ಮನೆ ಬೇಡ ರೀ" ಎಂದೆ.

"ಕಿಟಕಿ?"

"ಬೇಡ."

ಆಮೇಲೆ ಯಾರೋ ಕ್ಯಾಸನೂರಿನ ಕಡೆ ಒಂದು ಮನೆ ಹೇಳಿದರು. ಕಾಡಂಚು, ಮೊಣಕಾಲೆತ್ತರದ ಹುಲ್ಲು. ಆದರೆ ಆ ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಸೌದೆಗೆ ಹೋದವರು ಜ್ವರ ಬಂದು ಮಲಗುತ್ತಿದ್ದಾರೆ ಎಂದು ಅಣ್ಣ ಬಸ್ಸಿನಿಂದಿಳಿದು ಓಡಿಬಂದು ಹೇಳಿದ. ಹೋಗಿ ನೋಡಲೇ ಇಲ್ಲ.

ಕೊನೆಗೆ ಸಿಕ್ಕಿದ್ದು ಕುಬಟೂರು. ವೀರಪ್ಪಗೌಡರೆಂಬವರ ಹಳೆಯ ಆಲೆಮನೆ. ಅವರು ಬೆಲ್ಲ ಕಾಯಿಸುವುದನ್ನು ಬಿಟ್ಟು ಕೆಲವು ವರ್ಷಗಳಾಗಿವೆ. ಎತ್ತರದ ಸೂರು, ಮೂರು ಕಡೆ ಮಣ್ಣಿನ ಗೋಡೆ. ಪಕ್ಕದಲ್ಲಿ ಎರಡಂಕಣದ ಸಣ್ಣ ಮನೆ. ಪೋಸ್ಟಿಗೆ ಹಾಕಬೇಕಾದರೆ ಆನವಟ್ಟಿಗೆ ಹೋಗಬೇಕು. ಬಾವಿಗೆ ಎದೆಯೆತ್ತರದ ಕಟ್ಟೆ.

"ಎಲ್ರೂ ಮನೆ ನೋಡೋಕ್ ಬಂದ್ರೆ ಅಡುಗೆಮನೆ ನೋಡ್ತಾರೆ. ನೀವೇನ್ರೀ ಬಾವಿಕಟ್ಟೆ ಅಳೀತಿದ್ದೀರಿ?" ಎಂದರು ಗೌಡರು.

ಅಳೆಯುತ್ತಿದ್ದವಳು ನಾನು. ನಮ್ಮವರು ಆಲೆಮನೆಯಿಂದ ಆ ಸಣ್ಣ ಮನೆಯ ಮೂಲೆಕೋಣೆಯವರೆಗೆ ಹೆಜ್ಜೆ ಎಣಿಸುತ್ತಿದ್ದರು. ನಲವತ್ತೆರಡು. "ಪರದೆ ಒಳಗೇ ಒಣಗ್ತದೆ, ಗಾಳಿ ಹೊಡೆಯಲ್ಲ. ಮತ್ತೆ ಇಷ್ಟು ದೂರ ಇದ್ರೆ ನಿನ್ನ ಕೋಣೆಗೆ ವಾಸನೆ ಬರಲ್ಲ, ಸರಸೂ" ಎಂದರು.

ನಾನು ಅವರ ಮುಖ ನೋಡದೆ ಕಟ್ಟೆಯನ್ನು ಮತ್ತೊಮ್ಮೆ ಅಳೆದೆ.

ಯಾಕೆಂದರೆ ಓದುಗರೇ, ಅಂದು ಕುದುರೆ ಬೆದರಲು ಕಾರಣ ಗಾಳಿಯಲ್ಲ. ಶಿಕಾರಿಪುರದ ಮನೆಯಲ್ಲಿ ನಮ್ಮವರು ಪರದೆ ಒಣಗಿಸುತ್ತಿದ್ದುದು ಯಾವಾಗಲೂ ಜಗಲಿಯಲ್ಲಿ. ಜಗಲಿಗೆ ತಾಗಿ ನನ್ನ ಕೋಣೆ. ಬಣ್ಣಕ್ಕೆ ಬೆರೆಸುವ ಅಂಟಿನ ವಾಸನೆಗೆ ನನಗೆ ತಲೆನೋವು. ಅಂದು ಮಧ್ಯಾಹ್ನ, "ಇವತ್ತು ನನ್ನ ಕಾಲಂ ಹೋಗಬೇಕು, ಅದನ್ನು ಹಿತ್ತಿಲಿಗೆ ಒಯ್ದು ಕಟ್ಟಿ" ಎಂದವಳು ನಾನು. "ಕುದುರೆ ಅಲ್ಲಿದಾವಲ್ಲೇ" ಎಂದರು ಅವರು. "ಅವಕ್ಕೇನಾಗುತ್ತೆ?" ಎಂದೆ.

ಆ ವಾರದ ಅಂಕಣ ಕೊನೆಯ ಪ್ಯಾರಾ ಇಲ್ಲದೆಯೇ ನಾಲ್ಕೂವರೆಯ ಟಪಾಲಿಗೆ ಸರಿಯಾಗಿ ಹೋಯಿತು. ಆ ಗಲಾಟೆಯಲ್ಲಿ ಯಾರ ಕೈಗೆ ಕೊಟ್ಟೆನೋ ತಿಳಿಯದು. ಮಾವಿನ ಮಿಡಿ ಉಪ್ಪಿನಕಾಯಿಯ ಮೇಲೆ ಬರೆದಿದ್ದೆ. ನೀವು ಮೆಚ್ಚಿ ಕಾಗದವನ್ನೂ ಬರೆದಿರಿ. ನಮ್ಮವರು ಇಂದಿಗೂ, ಯಾರು ಕೇಳಿದರೂ, ಗಾಳಿ ಎನ್ನುತ್ತಾರೆ.

ಕುಬಟೂರಿಗೆ ಬಂದು ಎಂಟು ಬೆಳಗು ನೋಡಿದೆ, ಹುಲ್ಲಿಲ್ಲ. ಒಂಬತ್ತನೆಯದು ಕಳೆದ ಸೋಮವಾರ. ಕಣ್ಣು ಬಿಟ್ಟಾಗ ಬಿಸಿಲು ಹೊದಿಕೆಯ ಮೇಲೆ ಬಿದ್ದಿತ್ತು. ಮಧ್ಯೆ ಒಮ್ಮೆಯೂ ಎಚ್ಚರವಾಗಿರಲಿಲ್ಲ! ಪಕ್ಕದಲ್ಲಿ ನಮ್ಮವರು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ದಬ್ಬೆ ಬಿಚ್ಚಿದ ಕೈ ಎದೆಯ ಮೇಲಿತ್ತು. ಬೆರಳುಗಳಲ್ಲಿ ಹಿಂದಿನ ದಿನ ಪ್ರಯತ್ನಪಟ್ಟು ಎಳೆದ ನೀಲಿ ಗೆರೆಯ ಬಣ್ಣ. ಗೆರೆ ಸೊಟ್ಟವಾಗಿತ್ತು. ಆದರೂ ಗೆರೆ.

ಓಡಿಹೋಗಿ ನೋಡಿದೆ. ಮೋತಿಯ ಎಡಪಕ್ಕೆಯ ತುಂಬ ಹುಲ್ಲು, ಒಣಗಿದ ಲದ್ದಿ. ಚಂದ್ರಿ ಇನ್ನೂ ಎದ್ದಿರಲಿಲ್ಲ.

ಮನೆ ನೋಡಲು ಹೋದಾಗ ಕಿಟಕಿ ಎಷ್ಟು ಎಂದು ಎಣಿಸುತ್ತೇವೆ, ನೀರು ಹೇಗೆ ಎಂದು ಕೇಳುತ್ತೇವೆ. ನಮ್ಮ ಅನುಕೂಲಕ್ಕಾಗಿ ಅಲ್ಲಿ ಯಾರು ರಾತ್ರಿಯೆಲ್ಲ ನಿಂತೇ ಇರಬೇಕಾಗುತ್ತದೆ ಎಂದು ಎಂದಾದರೂ ಕೇಳಿದ್ದೇವೆಯೇ?