ರೌಂಡ್ಸಿಗೆ ಮುಂಚಿನ ಅರ್ಧ ಗಂಟೆ

ವಾರ್ಡಿನಲ್ಲಿ ಎಲ್ಲರೂ ಅವರನ್ನು ಎಣ್ಣೆಯಕ್ಕ ಎನ್ನುತ್ತಾರೆ. ಕ್ಯಾನ್ಸರ್ ಆಸ್ಪತ್ರೆಯ ಆರು ಹಾಸಿಗೆಗಳ ನೋವಿನ ವಾರ್ಡಿನಲ್ಲಿ ರೋಗಿಗಳ ಕೈಕಾಲಿಗೆ ಎಣ್ಣೆ ಹಚ್ಚಿ ನೀವುವುದು ಅವರ ಕೆಲಸ. ಔಷಧಿಯ ವಿಷಯ ಅವರಿಗೆ ಸೇರಿದ್ದಲ್ಲ. ರೋಗಿಯ ಫೈಲಿನಲ್ಲಿ ಒಂದಕ್ಷರ ಬರೆಯುವ ಅಧಿಕಾರವೂ ಇಲ್ಲ. ಹಿಂದೆ ಹೊದಿಕೆಗಳನ್ನು ಪೇರಿಸಿಡುತ್ತಿದ್ದ ಕಿಟಕಿಯಿಲ್ಲದ ಕೋಣೆಯೊಂದನ್ನು ಅವರಿಗೆ ಬಿಟ್ಟುಕೊಟ್ಟಿದ್ದಾರೆ. ಎದ್ದು ಬರಬಲ್ಲವರನ್ನು ಅಲ್ಲಿನ ಮಂಚದ ಮೇಲೆ ನೀವುತ್ತಾರೆ, ಉಳಿದವರನ್ನು ಅವರವರ ಹಾಸಿಗೆಯಲ್ಲೇ. ಕೋಣೆಯ ಬಾಗಿಲು ಒಳಕ್ಕೆ ತೆರೆಯುತ್ತದೆ. ಮಂಚಕ್ಕೂ ಗೋಡೆಗೂ ನಡುವೆ ಅವರು ನಿಂತಿದ್ದರೆ, ಹೊಟ್ಟೆ ಒಳಗೆಳೆದುಕೊಂಡ ಹೊರತು ಇನ್ನೊಬ್ಬರು ಒಳಗೆ ಬರುವಂತಿಲ್ಲ. ಐವತ್ತೆರಡನೆಯ ವಯಸ್ಸಿನಲ್ಲಿ ತಮ್ಮ ಹೊಟ್ಟೆ ಕರಗಿಸಿದ್ದು ಈ ಬಾಗಿಲೇ ಎಂದು ಅವರು ನಗುತ್ತಾರೆ.

ಮೊದಲು ಅವರು ಬ್ಯೂಟಿ ಪಾರ್ಲರಿನಲ್ಲಿದ್ದರು. ತಾಯಿ ಇಂಥದೇ ವಾರ್ಡಿನಲ್ಲಿ ಮಲಗಿದ್ದಾಗ ದಿನವೂ ಕಾಲು ಒತ್ತುತ್ತಿದ್ದುದನ್ನು ಕಂಡ ನರ್ಸೊಬ್ಬರು ತರಬೇತಿಗೆ ಸೇರುವಂತೆ ಹೇಳಿದರಂತೆ. ತಾಯಿ ಹೋದರು, ಮಗಳು ವಾರ್ಡಿನಲ್ಲೇ ಉಳಿದರು. ಆರು ತಿಂಗಳ ಪ್ರಯೋಗವೆಂದು ಆರಂಭವಾದ ಹುದ್ದೆ ಆರಾರು ತಿಂಗಳಿಗೆ ಮುಂದುವರಿಯುತ್ತ ನಾಲ್ಕು ವರ್ಷವಾಗಿದೆ. ಪ್ರತಿ ಸಲವೂ ಅದು ನಿಂತಿರುವುದು ಅಂಕಿಗಳ ಮೇಲೆ. ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತರವರೆಗೆ ಅವರು ಇಬ್ಬರು ರೋಗಿಗಳ ಕಾಲು ನೀವುತ್ತಾರೆ. ಒಂಬತ್ತಕ್ಕೆ ನರ್ಸ್ ಬಂದು, ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದು ಎಲ್ಲರನ್ನೂ ಕೇಳಿ ಬರೆದುಕೊಳ್ಳುತ್ತಾರೆ. ಒಂಬತ್ತೂವರೆಗೆ ರೌಂಡ್ಸ್. ವೈದ್ಯರು ಆ ಅಂಕಿ ನೋಡಿ ದಿನದ ಮಾರ್ಫಿನ್ ಪ್ರಮಾಣ ನಿಗದಿ ಮಾಡುತ್ತಾರೆ. ನೀವಿಸಿಕೊಂಡ ಇಬ್ಬರ ಅಂಕಿ ಇಳಿದಿದ್ದರೆ ಅದು ಎಣ್ಣೆಯಕ್ಕನ ಹೆಸರಿಗೆ ಜಮೆ.

ಹೆಚ್ಚು ನೋವಿರುವವರಿಗೇ ಮೊದಲ ಸರದಿ ಎಂಬುದು ಅವರು ತಾವೇ ಮಾಡಿಕೊಂಡ ನಿಯಮ. ಅದರ ಬಗ್ಗೆ ಅವರಿಗೆ ಹೆಮ್ಮೆಯಿತ್ತು. ಹೀಗಾಗಿ ಬೆನ್ನುಮೂಳೆಗೆ ಗಡ್ಡೆ ಹಬ್ಬಿದ್ದ ದರ್ಜಿಯೊಬ್ಬರ ಕಾಲನ್ನು ಮೂರು ವಾರ ಒಂದು ದಿನವೂ ಬಿಡದೆ ಮೊದಲು ಹಿಡಿದರು. ದರ್ಜಿಯ ಅಂಕಿ ಎಂಟರಿಂದ ಮೂರಕ್ಕೆ ಇಳಿಯಿತು. ವಾರ್ಡಿನಲ್ಲಿ ಎಲ್ಲರೂ ಹೊಗಳಿದರು.

ಒಂದು ದಿನ ಲಿಫ್ಟಿನ ಸಾಲಿನಲ್ಲಿ ದರ್ಜಿಯ ಹೆಂಡತಿ ಸಿಕ್ಕರು. ಕಣ್ಣು ಬಾತುಕೊಂಡಿತ್ತು. ಹನ್ನೊಂದು ಹೊಡೆಯುವಷ್ಟರಲ್ಲಿ ಗಂಡ ದಿಂಬು ಕಚ್ಚಲು ಶುರುಮಾಡುತ್ತಾರೆ, ಔಷಧಿ ಕೇಳಿದರೆ ಇವತ್ತಿಗೆ ಬರೆದಿರುವುದು ಇಷ್ಟೇ ಎಂದು ನರ್ಸುಗಳು ಹೇಳುತ್ತಾರೆ ಎಂದರು ಆಕೆ. ಪ್ರಮಾಣ ಯಾವಾಗಿನಿಂದ ಇಳಿಯಿತೆಂದು ವಿಚಾರಿಸಿದರೆ, ಎಣ್ಣೆಯಕ್ಕ ಅವರ ಕಾಲು ಹಿಡಿಯತೊಡಗಿದ ವಾರದಿಂದಲೇ ಎಂದು ಗೊತ್ತಾಯಿತು. ಎಣ್ಣೆಯಕ್ಕನ ಕೈ ತಂದ ಒಂದು ಗಂಟೆಯ ಹಗುರವನ್ನು ವೈದ್ಯರು ಇಡೀ ದಿನದ ಹಗುರವೆಂದು ಲೆಕ್ಕ ಹಿಡಿದಿದ್ದರು.

ಎಣ್ಣೆಯಕ್ಕ ನೇರವಾಗಿ ದರ್ಜಿಯ ಹಾಸಿಗೆಯ ಬಳಿಗೆ ಹೋಗಿ, ಮೂರು ಎಂದದ್ದು ನಿಜವೇ ಎಂದು ಕೇಳಿದರು.

"ನೀವು ಒತ್ತಿದ ಮೇಲೆ ಐದಕ್ಕೆ ಬರುತ್ತೆ ಅಕ್ಕ. ಇನ್ನೆರಡು ನಾನೇ ಕತ್ತರಿಸಿ ಹಾಕಿದೆ. ದರ್ಜಿ ಅಲ್ವಾ," ಎಂದರು ಅವರು.

"ಯಾಕೆ ಯಜಮಾನ್ರೇ ಹಾಗೆ ಮಾಡಿದ್ರಿ?"

"ಅಂಕಿ ಇಳಿದ್ರೇ ನಿಮ್ಮ ರೂಮಿನ ಬಾಗಿಲು ತೆಗೆದಿರುತ್ತೆ ಅಂತ ನೀವೇ ಅಂದಿದ್ರಲ್ಲ. ಆ ಬಾಗಿಲು ಮುಚ್ಚಿದ್ರೆ ನನ್ನ ಕಾಲು ಹಿಡಿಯೋರು ಯಾರು?"

ಎಂದೋ ಅವರ ಕಾಲೊರೆಸುತ್ತ ಎಣ್ಣೆಯಕ್ಕ ಹಾಗೆ ಅಂದಿದ್ದರು, ತಮಾಷೆಗೆ.

ನೀವುವುದಕ್ಕೆ ಮುಂಚೆಯೂ ಒಮ್ಮೆ ಅಂಕಿ ಕೇಳಿ ಬರೆದುಕೊಳ್ಳಿ ಎಂದು ಅವರು ಹೆಡ್ ನರ್ಸನ್ನು ಬೇಡಿಕೊಂಡರು. ಫಾರ್ಮಿನಲ್ಲಿ ಇರುವುದು ಒಂದೇ ಚೌಕ ಎಂಬ ಉತ್ತರ ಬಂತು. ಇದನ್ನು ಮೇಲಿನವರ ತನಕ ಒಯ್ದರೆ ಮೊದಲು ಎತ್ತಂಗಡಿಯಾಗುವುದು ನಿಮ್ಮ ಮಂಚವೇ ಎಂದು ಆಕೆ ಎಚ್ಚರಿಸಿದ್ದೂ ಉಂಟು. ಅದರಲ್ಲಿ ಕೆಡುಕಿನ ಉದ್ದೇಶವಿರಲಿಲ್ಲ. ಎಣ್ಣೆಯಕ್ಕ ವೈದ್ಯರ ಬಳಿಗೆ ಹೋದರು. ಅವರು ಕುಳ್ಳಿರಿಸಿ ಪೂರ್ತಿ ಕೇಳಿಸಿಕೊಂಡು, ಅಂದೇ ಮಧ್ಯಾಹ್ನ ದರ್ಜಿಯ ಪ್ರಮಾಣವನ್ನು ಮೊದಲಿನಷ್ಟಕ್ಕೆ ಏರಿಸಿದರು.

"ಒಬ್ಬರಿಗಾದರೆ ನಾನೇ ವಿಚಾರಿಸಿ ಬರೀಬಹುದು. ಫಾರ್ಮ್ ಬದಲಾಯಿಸೋದು ಸಮಿತಿ, ಅದು ಸೇರೋದು ವರ್ಷಕ್ಕೊಂದು ಸಲ. ಅಲ್ಲೀತನಕ ದಿನಾ ಚೌಕದಲ್ಲಿರೋ ಅಂಕಿ ನೋಡಿಯೇ ಬರೀಬೇಕು. ಔಷಧಿ ವಿಷಯ ನೀವು ರೋಗಿಗಳ ಹತ್ತಿರ ಎತ್ತಬೇಡಿ," ಎಂದರು.

ಅಂದಿನಿಂದ ಎಣ್ಣೆಯಕ್ಕನ ನಿಯಮ ತಲೆಕೆಳಗಾಯಿತು. ರೌಂಡ್ಸಿಗೆ ಮುಂಚೆ ಅವರು ನೋವು ಕಡಿಮೆಯಿರುವ ಇಬ್ಬರನ್ನೇ ಹುಡುಕಿ ಹಿಡಿಯುತ್ತಿದ್ದರು. ನರಳುವವರ ಸರದಿ ಹತ್ತು ಗಂಟೆಯ ನಂತರ, ಅವರ ದಿನದ ಔಷಧಿ ಬರೆದಾದ ಮೇಲೆ. ನರಳುವವರಿಗೆ ಇದು ಹೇಗೆ ಅರ್ಥವಾಗಬೇಕು? ದರ್ಜಿಯಂತೂ ತಾವು ಸುಳ್ಳು ಹೇಳಿದ್ದಕ್ಕೆ ಇದು ಶಿಕ್ಷೆಯೆಂದು ತಿಳಿದು, ಇನ್ನು ಮೇಲೆ ಸರಿಯಾಗಿ ಹೇಳುತ್ತೇನೆ, ಕೋಪ ಬಿಡಿ ಎಂದು ಹೆಂಡತಿಯ ಮೂಲಕ ಹೇಳಿ ಕಳಿಸಿದರು. ಕೋಪವಿಲ್ಲ ಎಂದಷ್ಟೇ ಎಣ್ಣೆಯಕ್ಕ ಹೇಳಬಹುದಿತ್ತು. ಯಾಕೆ ಎನ್ನುವುದನ್ನು ಹೇಳುವಂತಿರಲಿಲ್ಲ.

ನಂತರದ ವಾರ, ನೋವು ಕಡಿಮೆಯಿದ್ದ ಇಬ್ಬರೂ ಮನೆಗೆ ಹೋದರು. ಅವರ ಹಾಸಿಗೆಗಳಿಗೆ ಬಂದವರು ಸ್ಟ್ರೆಚರಿನ ಮೇಲೆಯೇ ಚೀರುತ್ತಿದ್ದರು. ಮರುದಿನ ಎಂಟೂವರೆಗೆ ಎಣ್ಣೆಯಕ್ಕ ಬಾಟಲಿ ಹಿಡಿದು ವಾರ್ಡಿನ ನಡುವೆ ನಿಂತರು. ಮುಟ್ಟಿದರೆ ಮುಟ್ಟಿಸಿಕೊಂಡವರ ಮಧ್ಯಾಹ್ನ ಹಾಳು. ಒಂಬತ್ತಾಗುವವರೆಗೂ ಅವರು ಯಾರನ್ನೂ ಮುಟ್ಟಲಿಲ್ಲ. ಆರು ಜನವೂ ಏಳು, ಎಂಟು ಎಂದರು. ಆರು ಜನಕ್ಕೂ ಪೂರ್ತಿ ಔಷಧಿ ಬಂತು. ಹಾಗೆ ಒಂಬತ್ತು ದಿನ ನಡೆಯಿತು.

ಹತ್ತನೆಯ ದಿನ ಹೆಡ್ ನರ್ಸ್ ಕಾಗದವೊಂದನ್ನು ತಂದುಕೊಟ್ಟರು. ಈ ಸಲದ ಅವಧಿ ಆರು ತಿಂಗಳಲ್ಲ, ಒಂದು ತಿಂಗಳು. ಬೆಳಗಿನ ಇಬ್ಬರನ್ನು ತಪ್ಪಿಸಿದರೆ ಅದೂ ಇಲ್ಲ.

"ಸಹಿ ಹಾಕದೆ ಹೋಗ್ಬಿಡಿ ಅಕ್ಕ. ಯಾವುದಾದ್ರೂ ಪಾರ್ಲರಿನವರು ಕಣ್ಣಿಗೊತ್ತಿಕೊಂಡು ಕರ್ಕೋತಾರೆ," ಎಂದರು ಹೆಡ್ ನರ್ಸ್.

"ಹೋದ್ರೆ ಹತ್ತು ಗಂಟೆ ಮೇಲೆ ಇವರನ್ನ ಯಾರು ನೋಡ್ತಾರೆ?"

ಹೆಡ್ ನರ್ಸ್ ಪೆನ್ನು ಕೊಟ್ಟರು. ಮಂಚದ ಅಂಚಿನ ಮೇಲೆ ಕಾಗದವನ್ನಿಟ್ಟು ಎಣ್ಣೆಯಕ್ಕ ಸಹಿ ಹಾಕಿದರು.

ಮಾರನೆಯ ಬೆಳಿಗ್ಗೆ ಎಂಟೂವರೆಗೆ ಅವರು ವಾರ್ಡಿನ ಬಾಗಿಲು ತಳ್ಳಿದಾಗ ಆರು ತಲೆಗಳೂ ಅವರತ್ತ ತಿರುಗಿದವು. ಇಬ್ಬರನ್ನು ಆರಿಸಲೇಬೇಕಿತ್ತು. ದರ್ಜಿ ಆಗಲೇ ಪಾದದ ಮೇಲಿನ ಹೊದಿಕೆಯನ್ನು ಸರಿಸಿಕೊಂಡು ಕಾಯುತ್ತಿದ್ದರು.