ಹೊಲಿಗೆಯಕ್ಕ ಹಾಳುಮಾಡಿದ ಸೀನು

ಹೊಲಿಗೆಯಕ್ಕನಿಗೆ ಸಿನಿಮಾದವರಿಂದ ಮೂರು ದಿನದ ಕೂಲಿ ಇನ್ನೂ ಬರಬೇಕು. ಕಾರ್ಖಾನೆಯಲ್ಲಿ ದಿನವಿಡೀ ಹೊಲಿದು ಬಂದರೂ ಸೂಜಿ ಅವಳ ಕಾಲರಿನಲ್ಲೇ ಇರುತ್ತದೆ. ಓಣಿಯಲ್ಲಿ ಯಾರ ಬಟ್ಟೆ ಹರಿದಿದ್ದರೂ ಹಿಡಿದು ನಿಲ್ಲಿಸಿ, "ನಾಚಿಕೆ ಇಲ್ವೇನೋ, ಬಾ ಇಲ್ಲಿ" ಎಂದು ಬೈಯುತ್ತಲೇ ಹೊಲಿದುಕೊಡುತ್ತಾಳೆ. ಸತ್ತ ಮೇಲೂ ಇವಳ ಬೆರಳು ದಾರ ಹುಡುಕುತ್ತದೆ ಎನ್ನುತ್ತಾರೆ ನೆರೆಯವರು. ಬಡವರ ಕಥೆಯ ಸಿನಿಮಾ ತೆಗೆಯಲು ಓಣಿಗೆ ಬಂದು, ದಿನಗೂಲಿಗೆ ಅವಳನ್ನೂ ನಟಿಸಲು ಕರೆದ ನಿರ್ದೇಶಕ, ಕ್ಯಾಮೆರಾಕ್ಕೆಂದು ಅವಳು ತೊಟ್ಟು ಬಂದ ಒಂದೇ ಒಂದು ಒಳ್ಳೆಯ ಬಟ್ಟೆಯ ತೋಳಿಗೆ ಕತ್ತರಿ ಹಾಕಿದ: "ಈಗ ಬಡವಿ ಥರ ಕಾಣ್ತೀರಮ್ಮ." ಊಟದ ಬಿಡುವಿನಲ್ಲಿ ಅವಳು ಅದನ್ನು ಹೊಲಿದುಬಿಟ್ಟಳು. "ಹರಿದ ತೋಳು ಎಲ್ಲಿ? ಅರ್ಧ ತೆಗೆದ ಸೀನು ಹಾಳಾಯ್ತಲ್ಲ!" ಎಂದು ಕಿರುಚಿದವನು ಕೂಲಿಯನ್ನೆಲ್ಲ ಮುರಿದುಕೊಂಡ. "ಬಡವ್ರು ಹರಿದದ್ದನ್ನ ಹಾಗೇ ಬಿಡ್ತಾರೆ ಅಂತ ನಿಂಗ್ಯಾರಪ್ಪ ಹೇಳಿದ್ದು?" ಎಂದಳು ಅವಳು. ಆ ಸಿನಿಮಾ ನೋಡಿ ಕಣ್ಣೊರೆಸಿಕೊಂಡವರೇ, ಮೊದಲು ಅವಳ ಕೂಲಿ ಕೊಡಿಸಿ.